ಸೊಸೆಯ ಟ್ಯಾಕ್ಸ್ ತಿಂಗಳು

ನಾನು ಹೇಳಿದ್ದನ್ನ ಹಾಗೇ ಬರ್ಕೋಮ್ಮ, ಟ್ಯಾಕ್ಸ್ ಫಾರಂ ತುಂಬೋ ತಿಂಗಳು ಬಂತು ಅಂದ್ರೆ, ಮನೇಲೇ ಕೂತು ಬಟ್ಟೆ ಹೊಲಿಯೋ ನನ್ನ ಸೊಸೆಗೆ ಲೆಕ್ಕದ್ದೇ ಚಿಂತೆ. ಕರೆಂಟ್ ಬಿಲ್ಲಲ್ಲಿ ಹೊಲಿಗೆ ಮಿಷನ್ನಿಗೆಷ್ಟು, ನನ್ನ ಫ್ಯಾನಿಗೆಷ್ಟು ಅಂತ ಭಾಗ ಮಾಡ್ತಾಳೆ. ನನ್ನ ದಿಂಬಿಗೆ ಹಾಕಿದ ಹೊಲಿಗೆಯ ದಾರಾನೂ ಕೆಲಸದ ಖರ್ಚಿಂದ ಕಳೀತಾಳೆ. "ಗೇಣುದ್ದ ದಾರಕ್ಕೆ ಯಾವ ಟ್ಯಾಕ್ಸ್ ಆಫೀಸರ್ ಬರ್ತಾನೆ ತಾಯಿ?" ಅಂದ್ರೆ, "ಬಂದ್ರೆ ಏನ್ ಹೇಳ್ಲಿ ಅತ್ತೆ?" ಅಂತಾಳೆ. ಬಾಗಿಲು ತಟ್ಟಿದೋನು ಹಾಲಿನವನಾದ್ರೂ ಎದೆ ಹಿಡ್ಕೋತಾಳೆ, ಪಾಪ. ಏನ್ ಹೇಳ್ತಿದ್ದೆ? ಹಾಂ, ಮೊದಲು ಅವಳ ಕೆಲಸಕ್ಕೇ ಅಂತ ಒಂದು ರೂಮಿತ್ತು, ಅದನ್ನೂ ಟ್ಯಾಕ್ಸ್ ಲೆಕ್ಕದಲ್ಲಿ ತೋರಿಸ್ತಿದ್ಲು. ನಾನು ಇವರ ಜೊತೆ ಇರೋಕೆ ಬಂದ್ಮೇಲೆ ಅದು ನನಗಾಯ್ತು, ಮಿಷನ್ನು ಅಡುಗೆಮನೆ ಮೂಲೆ ಸೇರ್ತು. ಈ ಸಲ ಕೆಲಸದ ಜಾಗ ಯಾಕೆ ಕಮ್ಮಿಯಾಯ್ತು ಅಂತ ಫಾರಂನಲ್ಲಿ ಕೇಳಿದ್ರು. ಒಂದಕ್ಷರ ಸುಳ್ಳು ಬರೆಯೋಕೂ ಹೆದರೋಳು, ಪಕ್ಕದಲ್ಲಿದ್ದ ನನ್ನ ಮುಖ ನೋಡಿ, "ಅಷ್ಟು ದೊಡ್ಡ ರೂಮು ಬೇಕಾಗಿರ್ಲಿಲ್ಲ" ಅಂತ ಬರೆದುಬಿಟ್ಲು.