ಎರಡಾದ ಸೀಮೆಸುಣ್ಣದ ಗೆರೆ

ಚರ್ಮದ ಚೀಲದ ಗುಂಡಿ ಬಿಚ್ಚಿದ ಕೂಡಲೇ ಕರ್ಪೂರಕ್ಕೂ ಹಳೆಯ ಚಪ್ಪಲಿಗೂ ನಡುವಿನ ಒಂದು ವಾಸನೆ ಮೂಗಿಗೆ ಬಡಿಯಿತು. ಚಿಂತಾಮಣಿಯಲ್ಲಿ ನಮಗೆ ಇತಿಹಾಸ ಕಲಿಸಿದ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಅವರ ಹೆಂಡತಿ, "ನಿನಗೇ ಕೊಡು ಅಂದಿದ್ರಮ್ಮ," ಎಂದು ಅವರ ರೀಲ್ ಕ್ಯಾಮೆರಾವನ್ನು ಚೀಲದ ಸಮೇತ ನನ್ನ ಕೈಗಿಟ್ಟರು.

ಆ ಕ್ಯಾಮೆರಾ ನಮಗೆಲ್ಲ ಸೋಜಿಗವಾಗಿತ್ತು. ಕಣ್ಣಿಟ್ಟು ನೋಡುವ ಕಿಂಡಿಯ ನಡುವೆ ಹಳದಿ ಮಚ್ಚೆಯೊಂದು; ಅದರೊಳಗೆ ಕಂಡದ್ದೆಲ್ಲ ಎರಡೆರಡು. ಲೆನ್ಸಿನ ಬಳೆಯನ್ನು ತಿರುಗಿಸುತ್ತ ಹೋದರೆ ಎರಡೂ ಹತ್ತಿರ ಬಂದು ಒಂದರ ಮೇಲೊಂದು ಕೂರುತ್ತಿದ್ದವು. ಕೂತವೆಂದರೆ ದೂರ ಸರಿಯಾಗಿದೆ, ಚಿತ್ರ ಸ್ಪಷ್ಟವಾಗಿ ಬರುತ್ತದೆ. ಅದು ಹೇಗೆಂದು ನಾನು ಕೇಳಿದಷ್ಟು ಪ್ರಶ್ನೆಗಳನ್ನು ಪಾಠದಲ್ಲೂ ಕೇಳಿರಲಿಲ್ಲ.

ಮೇಷ್ಟ್ರ ಜೊತೆ ಅಂಬಾಜಿದುರ್ಗದ ಬೆಟ್ಟಕ್ಕೆ ಹೋದ ದಿನ, ವಾರವಿಡೀ ಸುರಿದ ಮಳೆಗೆ ಮಣ್ಣು ಮೆತ್ತಗಾಗಿತ್ತು. ಇಳಿಜಾರಿನಲ್ಲಿ ಗಾಡಿಯಷ್ಟು ದೊಡ್ಡ ಬಂಡೆ. ಮೇಷ್ಟ್ರು ಅದರ ಮೇಲೆ ಸೀಮೆಸುಣ್ಣದಿಂದ ನೆಟ್ಟಗೆ ಒಂದು ಗೆರೆ ಎಳೆದರು. ಮುಖಕ್ಕಿಂತ ಗೆರೆಯನ್ನು ಕೂಡಿಸುವುದು ಸುಲಭ. ಗೆರೆಯ ಎರಡೂ ಪಕ್ಕ, ಬಂಡೆಗೆ ಬೆನ್ನು ಹಾಕಿ, ಮೊಳ ದೂರದಲ್ಲಿ ನಾವು ನಾಲ್ವರು ಹುಡುಗಿಯರು ನಿಂತೆವು. ಎದುರಿಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ.

"ಬೇಗ ಹೊಡೀರಿ ಸಾರ್, ನಮ್ಗೆ ಮದ್ವೆ ವಯಸ್ಸು ದಾಟ್ತಿದೆ," ಎಂದಳು ಮೇಲೂರಿನ ಗೆಳತಿ.

"ಸುಮ್ನಿರಮ್ಮ, ಗೆರೆ ಕೂತ್ಕೊಳ್ಲಿ."

ಅವರ ಬೆರಳು ಬಳೆಯನ್ನು ತಿರುಗಿಸಿ ನಿಂತಿತು. ಮತ್ತೆ ತುಸು ತಿರುಗಿತು... ನಿಂತಿತು. ಆಮೇಲೆ ತಲೆಯೆತ್ತಿ, ತಮ್ಮ ಮನೆಮಾತು ತೆಲುಗಿನಲ್ಲಿ ಕಿರುಚಿದರು: "ರಾಂಡಮ್ಮಾ, ರಾಂಡಿ! ಬಂಡ ಕದಿಲಿಂದಿ!"

ಬನ್ನಿ, ಬಂಡೆ ಅಲುಗಿತು ಎನ್ನುತ್ತಿದ್ದಾರೆಂದು ತಿಳಿದು ಮೂವರು ಓಡಿದೆವು. ಏನೆಂದು ಹಿಂದೆ ತಿರುಗಿ ನೋಡಿದ ಮೇಲೂರಿನವಳ ಎಡಗಾಲಿನ ಎರಡು ಬೆರಳು ಜಾರಿಬಂದ ಬಂಡೆಯಡಿ ಸಿಕ್ಕಿ ಜಜ್ಜಿಹೋದವು. ಬೆನ್ನ ಹಿಂದೆ ಕೇಳಿದ ಆ ಉಜ್ಜುವ ಸದ್ದು... ಇವತ್ತಿಗೂ ಗ್ರೈಂಡರ್ ತಿರುಗಿದರೆ ನಾನು ಅಡುಗೆಮನೆಯಿಂದ ಹೊರಗೆ ಬಂದುಬಿಡುತ್ತೇನೆ.

ಊರೆಲ್ಲ ಮೇಷ್ಟ್ರನ್ನು ಹೊಗಳಿತು. ಅವರು ಮಾತ್ರ ಆಸ್ಪತ್ರೆಯ ವರಾಂಡದಲ್ಲಿ ನನ್ನೊಬ್ಬಳಿಗೆ ಹೇಳಿದರು: "ಕೂತಿದ್ದ ಗೆರೆ ತಾನಾಗೇ ಎರಡಾಯ್ತಮ್ಮ. ನನ್ ಕೈಯೇ ಜಾರಿತೇನೋ ಅಂತ ಮತ್ತೆ ಕೂಡಿಸ್ದೆ. ಇನ್ನೊಂದ್ಸಲ ಎರಡಾದಾಗ ಕೂಗಿದ್ದು. ಮೊದಲ್ನೇ ಸಲನೇ ಕೂಗಿದ್ರೆ... ಅವಳಿಗೆ ಹೇಳ್ಬೇಡ ಕಣಮ್ಮ."

ನಾನು ಹೇಳಲಿಲ್ಲ. ಆ ಎರಡು ತಿರುವುಗಳ ನಡುವಿನ ಹೊತ್ತನ್ನು ಇಪ್ಪತ್ತು ವರ್ಷ ಮನಸ್ಸಿನಲ್ಲೇ ಎಣಿಸಿದ್ದೇನೆ. ಮೂರು ಸೆಕೆಂಡೋ, ನಾಲ್ಕೋ... ಮೇಷ್ಟ್ರು ಅವಳ ಮದುವೆಗೂ ಬರಲಿಲ್ಲ. ಪೇಟೆಯಲ್ಲಿ ಅವಳು ಎದುರಾದರೆ ರಸ್ತೆ ದಾಟಿಬಿಡುತ್ತಿದ್ದರು. ಅವರಿಗೆ ಜಂಬವೆಂದೇ ಅವಳು ತಿಳಿದಿದ್ದಳು.

ಮೊನ್ನೆ ಮೇಲೂರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ರೇಷ್ಮೆಗೂಡು ಬಿಡಿಸುತ್ತಿದ್ದ ಅವಳ ಕೈ ನಿಂತಿತು.

"ಅಷ್ಟೇನಾ? ಅವರು ಕೂಗಿದ್ರು, ನೀವು ಓಡಿದ್ರಿ. ನಾನೇ ಅಲ್ವೇನೇ ನೋಡ್ತಾ ನಿಂತಿದ್ದು? ಆಗ್ಲೇ ಹೇಳಿದ್ರೆ ಅವರ ಮನೆಗೇ ಹೋಗಿ, ಚೆನ್ನಾಗಿ ಬೈದು, ಕಾಫಿ ಕುಡಿದು ಬರ್ತಿದ್ನಲ್ಲೇ..."

ಇನ್ನೊಂದು ಗೂಡು ಕೈಗೆತ್ತಿಕೊಂಡು, "ಮನೆ ಎಲ್ಲಿತ್ತೇ ಅವರ್ದು?" ಎಂದು ಕೇಳಿದಳು.

ಹೇಳಿದೆ. ಅವಳ ಮನೆಯಿಂದ ಒಂದೇ ಬಸ್ಸಿನ ದಾರಿ.