ಹಗೆಯ ಮಾತು ಕಲಿತ ಮೆಲೂಶಾ

ಹುಲ್ಲುಬಯಲಿನವರ ಬಂಡಿಗಳು ಬಂದಾಗ ಮೆಲೂಶಾಳಿಗೆ ಹದಿನಾರು. ಅವಳದು ನದಿ ದಂಡೆಯ ಮಣ್ಣಿನ ಮನೆಗಳ ಊರು. ಗೋಧಿ ಬಿತ್ತುವ, ಮಡಕೆಗೆ ಕೆಮ್ಮಣ್ಣಿನ ಸುರುಳಿ ಬರೆಯುವ ಜನ. ಬಯಲಿನವರ ಪೈಕಿ ವೆರ್ಗೊ ಎಂಬ ದನಗಾಹಿ ಮೊದಲು ಒಬ್ಬನೇ ಬಂದು ಸನ್ನೆಯಲ್ಲಿ ನೀರು ಕೇಳಿದ. ಅವಳ ಅಣ್ಣ ಅದೂರ್ ಅವನನ್ನು ಒಲೆಯ ಬಳಿ ಕೂರಿಸಿ ರೊಟ್ಟಿ ಮುರಿದುಕೊಟ್ಟ. ಮೂರನೆಯ ಬೆಳಗ್ಗೆ ವೆರ್ಗೊ ತನ್ನವರನ್ನು ಕರೆತಂದು, ಅದೇ ಒಲೆಯ ಮುಂದೆ ಅದೂರನ ತಲೆಗೆ ಕಲ್ಲುಗೊಡಲಿ ಇಳಿಸಿದ. ಊರು ಉರಿಯುತ್ತಿರುವಾಗಲೇ ಮೆಲೂಶಾಳನ್ನು ಬಂಡಿಗೆ ಎತ್ತಿ ಹಾಕಿಕೊಂಡು ಹೋದ.

ಅವನಿಗೆ ಸ್ವೆದಾ ಎಂಬ ಮಗಳನ್ನು ಹೆತ್ತಳು. ಹಾಲು ಕರೆದಳು, ತೊಗಲು ಹದ ಮಾಡಿದಳು. ನಾದಿನಿಯರು ಮೂಕಿ ಎಂದು ಹಂಗಿಸುತ್ತಿದ್ದರು. ಅವಳು ಬಾಯಿ ಮುಚ್ಚಿಕೊಂಡು ಕಿವಿ ತೆರೆದಿಟ್ಟಳು. ಆ ಜನ ಕೊಲೆಯನ್ನು ಸತ್ತವನ ಕಡೆಯವರಿಗೆ ದನ ಕೊಟ್ಟು ಮುಗಿಸಿಕೊಳ್ಳುತ್ತಿದ್ದರು. ಉಂಡ ಮನೆಯವನನ್ನೇ ಕೊಂದವನಿಗೆ ಮಾತ್ರ ಕ್ಷಮೆಯಿರಲಿಲ್ಲ. ಆದರೆ ದೂರುವವರು ಬೆಂಕಿಯ ಮುಂದೆ ಅವರ ಮಾತಿನಲ್ಲೇ ಆಣೆಯಿಡಬೇಕು. ಒಂದು ಪದ ಎಡವಿದರೂ ದೂರು ಬಿದ್ದುಹೋಗುತ್ತಿತ್ತು. ಹನ್ನೆರಡು ವರ್ಷ ಮೆಲೂಶಾ ಆ ಆಣೆಯನ್ನು ಹಸುಗಳ ಕಿವಿಯಲ್ಲಿ ಹೇಳಿ ಹೇಳಿ ತಿದ್ದಿಕೊಂಡಳು.

ಕುಲದ ಹಿರಿಯ ಸತ್ತು ಅವನ ಮೇಲೆ ಮಣ್ಣಿನ ದಿಬ್ಬ ಏರಿಸಿದ ದಿನ ಎಲ್ಲರೂ ಸೇರಿದ್ದರು. ವೆರ್ಗೊ ತಾನು ನದಿಯೂರು ಗೆದ್ದದ್ದನ್ನು ಹಾಡಿಸಿಕೊಳ್ಳುತ್ತಿದ್ದ. ಮೆಲೂಶಾ ಎದ್ದು, ಬೆಂಕಿಯ ಮೇಲೆ ಕೈ ಚಾಚಿ ಆಣೆಯಿಟ್ಟಳು. ಎಲ್ಲೂ ಎಡವಲಿಲ್ಲ.

"ಇವನು ನಮ್ಮಣ್ಣನ ಕೈಯಿಂದ ರೊಟ್ಟಿ ಈಸ್ಕೊಂಡು ತಿಂದಿದ್ದ. ಇಲ್ಲ ಅಂತ ಬೆಂಕಿ ಮುಟ್ಟಿ ಹೇಳ್ಲಿ."

ವೆರ್ಗೊ ನಕ್ಕ. "ಅವರೇನು ಮನುಷ್ಯರಾ? ಅವರ ಬಾಯಲ್ಲಿ ಬರೋದು ಮಾತೇ ಅಲ್ಲ."

"ಮತ್ತೆ ನಾನೀಗ ಆಡ್ತಿರೋದೇನು?"

ಯಾರೂ ನಗಲಿಲ್ಲ. ಹೊಸ ಹಿರಿಯ ಕೇಳಿದ: "ತಿಂದಿದ್ಯೋ ಇಲ್ವೋ? ಅಷ್ಟು ಹೇಳು."

ವೆರ್ಗೊ ಬೆಂಕಿ ಮುಟ್ಟಲಿಲ್ಲ.

ಅವನ ದನಗಳನ್ನು ಹಂಚಿಕೊಂಡರು, ಹೆಸರನ್ನು ಹಾಡಿನಿಂದ ತೆಗೆದರು, ಬರಿಗಾಲಲ್ಲಿ ಮೊದಲ ಹಿಮದೊಳಕ್ಕೆ ಅಟ್ಟಿದರು. ಅಪ್ಪನಿಗೆ ಕಂಬಳಿ ಕೊಡಲು ಓಡಿದ ಸ್ವೆದಾಳನ್ನು ಮೆಲೂಶಾ ಜಡೆ ಹಿಡಿದು ನಿಲ್ಲಿಸಿದಳು. ಎಂಟು ದಿನಕ್ಕೆ ತೋಳ ತಿಂದುಳಿದ ಹೆಣ ಸಿಕ್ಕಿತು. ಅದರ ಮೇಲೆ ಯಾರೂ ಒಂದು ಹಿಡಿ ಮಣ್ಣು ಹಾಕಲಿಲ್ಲ. ಮೆಲೂಶಾ ಹೋಗಿ ಕಣ್ಣಾರೆ ನೋಡಿ ಬಂದು, ಹೊಟ್ಟೆ ತುಂಬ ಉಂಡಳು.

ಆಮೇಲೆ ಅಣ್ಣನಿಗೆ ಸುದ್ದಿ ಮುಟ್ಟಿಸಲೆಂದು ನದಿಯ ದಿಕ್ಕಿಗೆ ಮುಖ ಮಾಡಿ ಕೂತು ತನ್ನ ಭಾಷೆಯಲ್ಲಿ ಶುರುಮಾಡಿದಳು. ಅವನ ಹೆಸರು ಬಂತು, 'ಒಲೆ' ಬಂತು, 'ರಕ್ತ' ಬಂತು. 'ಸೇಡು ತೀರಿಸಿಕೊಂಡೆ' ಎನ್ನುವುದಕ್ಕೆ ಪದ ಎಷ್ಟು ತಡಕಿದರೂ ಸಿಗಲಿಲ್ಲ. ಕೊನೆಗೆ ಅದೊಂದನ್ನು ವೆರ್ಗೊನ ಮಾತಿನಲ್ಲೇ ಹೇಳಿ, ಹಾಲು ಕರೆಯಲು ಎದ್ದಳು.