ಮೂರನೇ ಮಹಡಿಯಲ್ಲಿ ತಿಪ್ಪೆ ಮಣ್ಣು

ಪವಿ, ಚಿನ್ನು,

ಹಾಸನದ ನಿಮ್ಮ ಅತ್ತೆಯ ಮನೆಯಲ್ಲಿ ದೇವರ ಗೂಡಿನ ಗೋಡೆಯೂ ಕಕ್ಕಸಿನ ಗೋಡೆಯೂ ಒಂದೇ. ಇಲ್ಲಿಗೆ ಬಂದ ಮೊದಲ ಬೆಳಗ್ಗೆ ದೀಪ ಹಚ್ಚಿ ಕಣ್ಣು ಮುಚ್ಚಿ ನಿಂತಿದ್ದೆ. ಗೋಡೆಯ ಆ ಕಡೆಯಿಂದ ಕೆರೆಯ ತೂಬು ಎತ್ತಿದ ಹಾಗೆ ನೀರು ನುಗ್ಗಿದ ಸದ್ದು ಬಂತು. ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದೆ. ಬೇಡಿಕೊಳ್ಳಬೇಕು ಅಂದುಕೊಂಡಿದ್ದೆಲ್ಲ ಮರೆತುಹೋಯಿತು.

ನಮ್ಮೂರಿನಲ್ಲಿ ಹಿತ್ತಿಲು ದಾಟಬೇಕು, ಕೊಟ್ಟಿಗೆ ದಾಟಬೇಕು, ನುಗ್ಗೆ ಮರದ ಆಚೆ ಕಕ್ಕಸು. ಹೋದದ್ದು ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಹಾಲಿನಿಂದ ನಾಲ್ಕು ಹೆಜ್ಜೆ. ಹಾಲು ಅಂದರೆ ಕುಡಿಯುವ ಹಾಲಲ್ಲ, ಎಲ್ಲರೂ ಕೂತು ಟಿವಿ ನೋಡುವ ನಡುಮನೆ. ಅಲ್ಲಿ ನಿಮ್ಮ ಮಾವ ಪೇಪರ್ ಹಿಡಿದು ಕೂತಿರುತ್ತಾರೆ. ಅವರು ಕೂತಿದ್ದರೆ ನಾನು ಆ ಕಡೆ ಹೋಗುತ್ತಿರಲಿಲ್ಲ. ಅಳಿಯನ ಎದುರಿಗೆ ಕುರ್ಚಿಯ ಮೇಲೆ ಕೂತು ಅಭ್ಯಾಸವಿಲ್ಲದವಳು ನಾನು, ಅವರ ಎದುರಿಗೇ ಆ ಬಾಗಿಲು ತೆಗೆದು ಚಿಲಕ ಹಾಕಿಕೊಳ್ಳುವುದು ಹೇಗೆ? ಒಂಬತ್ತು ಗಂಟೆಗೆ ಅವರು ಡೇರಿ ಕೆಲಸಕ್ಕೆ ಹೊರಡುವವರೆಗೆ ಅಡುಗೆಮನೆಯಲ್ಲೇ ಅತ್ತಿತ್ತ ಓಡಾಡುತ್ತಿದ್ದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ನಾನು ಇಲ್ಲಿಗೆ ಬಂದ ಕಾರಣ ನಿಮಗೆ ಗೊತ್ತು. ನಿಮ್ಮ ಅತ್ತೆ ಸವಿತ ನರ್ಸು, ರಜೆ ಮುಗಿದು ಕೆಲಸಕ್ಕೆ ಹೋಗಬೇಕಾಗಿತ್ತು, ಮಗುವಿಗೆ ಆಗಿನ್ನೂ ಎಂಟು ತಿಂಗಳು. ನಿಮ್ಮ ತಾತ ಹೋದ ಮೇಲೆ ನನ್ನನ್ನು ಅಲ್ಲಿ ಕಟ್ಟಿಹಾಕುವ ಕೆಲಸವೂ ಇರಲಿಲ್ಲ. ಬಂದು ಒಂದೂವರೆ ತಿಂಗಳಾಗಿತ್ತು, ಒಂದು ದಿನ ನಿಮ್ಮಪ್ಪ ಫೋನ್ ಮಾಡಿ ನಮ್ಮ ನಾಯಿ ಕೆಂಚನ ಮೇಲೆ ಟ್ರ್ಯಾಕ್ಟರಿನ ಟ್ರೈಲರ್ ಹರಿಯಿತು, ಹಿಂದಿನ ಸೊಂಟದ ಮೂಳೆ ಮುರಿದಿದೆ ಅಂದ. ಅರಕಲಗೂಡಿನಲ್ಲಿ ನೋಡಿದವರು ಹಾಸನಕ್ಕೆ ಕರೆದುಕೊಂಡು ಹೋಗಿ ಅಂದಿದ್ದರಂತೆ. ಆಮೇಲೆ ಪವಿ, ನೀನು ಫೋನ್ ಕಿತ್ತುಕೊಂಡು ಅಳತೊಡಗಿದೆ. "ಅಜ್ಜಿ, ಕೆಂಚನ್ನ ನೀನೇ ಇಟ್ಕೊ. ಓಡಾಡೋ ಅಂಗೆ ಮಾಡಿ ನಮಗೆ ವಾಪಸ್ ಕೊಡು," ಅಂದೆ. ನಾನು ಆಯ್ತು ಅಂದುಬಿಟ್ಟೆ. ಸವಿತಳನ್ನು ಕೇಳಲಿಲ್ಲ. ಕೇಳಲು ನಾಚಿಕೆ, ಕೇಳಿದರೆ ಬೇಡ ಅಂದಾಳು ಅನ್ನುವ ಭಯ. ಆ ಸಂಜೆ ನಿಮ್ಮಪ್ಪ ಮತ್ತು ಮಾವ ಕೆಂಚನನ್ನು ಹಲಗೆಯ ಮೇಲೆ ಮಲಗಿಸಿ ಮೂರು ಮಹಡಿ ಹತ್ತಿಸಿದಾಗ ಅವಳು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡಿದಳು. ಆ ನೋಟವೇ ಕಷ್ಟವಾಯಿತು.

ದನದ ಆಸ್ಪತ್ರೆಯ ಡಾಕ್ಟರು ಮನೆಗೇ ಬಂದು ನೋಡಿದರು. ಆರು ವಾರ ಮೆಟ್ಟಿಲು ಕೂಡದು, ಹಾರುವುದು ಕೂಡದು, ಜಾರುವ ನೆಲದ ಮೇಲೆ ನಡೆಸಕೂಡದು. ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು ಎತ್ತಿ ಹಿಡಿದರೆ ನಾಲ್ಕು ಹೆಜ್ಜೆ ಇಡಬಹುದು, ಅಷ್ಟೇ. ಎಲ್ಲ ಮನೆಯೊಳಗೇ ಆಗಬೇಕು ಅಂದರು. ಎಲ್ಲ ಅಂದರೆ ಏನು ಅಂತ ನಾನು ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ.

ಹುಟ್ಟಿದಾಗಿನಿಂದ ಹೊಸ್ತಿಲು ದಾಟಿ ಒಳಗೆ ಬಾರದ ನಾಯಿಗೆ ಮನೆಯೊಳಗೇ ಮಾಡು ಅಂದರೆ ಅದು ಏನು ಮಾಡೀತು? ಮೊದಲ ದಿನ ಸವಿತ ಬಾಲ್ಕನಿಯಲ್ಲಿ ಹಳೆ ಪೇಪರ್ ಹಾಸಿದಳು. ಬಾಲ್ಕನಿ ಅಂದರೆ ಗೋಡೆಯಿಂದಾಚೆಗೆ ಚಾಚಿದ, ಕಂಬಿ ಹಾಕಿದ ಪುಟ್ಟ ಜಗಲಿ. ಅವಳು ಅತ್ತ ಹೋದ ಮೇಲೆ ನಾನು ಪೇಪರನ್ನು ಎತ್ತಿಟ್ಟೆ. ನಮ್ಮ ಶಾಲೆಯಲ್ಲಿ ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು ಅಂತ ಮೇಷ್ಟ್ರು ಕಲಿಸಿದ್ದರು. ಅಕ್ಷರದ ಮೇಲೆ ಇದನ್ನು ಮಾಡಿಸಿ ಯಾವ ಲೋಕಕ್ಕೆ ಹೋಗಲಿ? ಸಂಜೆ ಮಾವ ಅಂಗಡಿಯಿಂದ ಪ್ಯಾಡ್ ತಂದರು. ಒಂದು ಕಡೆ ನೀಲಿ, ಒಂದು ಕಡೆ ಬಿಳಿ, ಒಳಗೆ ಹತ್ತಿಯ ಹಾಗೆ ಮೆತ್ತಗೆ, ಮಗುವಿಗೆ ಕಟ್ಟುವ ಡೈಪರನ್ನು ಬಿಚ್ಚಿ ಹಾಸಿದ ಹಾಗೆ. ಕೆಂಚನಿಗೆ ಅದು ಬಹಳ ಹಿಡಿಸಿತು. ಅದರ ಮೇಲೆ ಮಲಗಿ ನಿದ್ದೆ ಮಾಡಿದ. ಅವನ ಜನ್ಮದಲ್ಲಿ ಅಷ್ಟು ಒಳ್ಳೆಯ ಹಾಸಿಗೆ ಕಂಡಿರಲಿಲ್ಲ.

ಮಾರನೆಯ ದಿನ ಪ್ಲಾಸ್ಟಿಕ್ ಹುಲ್ಲು ಬಂತು. ಕೆಳಗೆ ಅಗಲವಾದ ಟ್ರೇ, ಮೇಲೆ ಹಸಿರು ಹುಲ್ಲು, ನೀರು ಇಳಿದು ಟ್ರೇಗೆ ಬೀಳುತ್ತದೆ, ತೊಳೆದು ಮತ್ತೆ ಇಡಬಹುದು. ಉಪಾಯ ಚೆನ್ನಾಗಿದೆ. ಆದರೆ ಅದು ಹೊಸ ಚಪ್ಪಲಿಯ ವಾಸನೆ ಹೊಡೆಯುತ್ತಿತ್ತು. ಕೆಂಚ ಮೂಸಿ, ಸೀನಿ, ಮುಖ ತಿರುಗಿಸಿದ. ಬಚ್ಚಲಿನಲ್ಲಿ ನಿಲ್ಲಿಸೋಣ ಅಂದರೆ ಟೈಲ್ಸ್ ಮೇಲೆ ಹಿಂಗಾಲು ಎರಡು ಕಡೆಗೆ ಜಾರಿ ಪ್ರಾಣ ಹೋಗುವ ಹಾಗೆ ಕೂಗಿದ.

ಕೆಳಗಿನ ಮನೆಯ ಗಂಗಮ್ಮ ಈ ಕಟ್ಟಡದ ಯಜಮಾನಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಕೂಗು ಕೇಳಿ ಮೇಲೆ ಬಂದು ಟ್ರೇ, ಹುಲ್ಲು, ಪ್ಯಾಡ್ ಎಲ್ಲ ನೋಡಿದರು. "ನಮ್ ಮಾವನೋರು ಸಾಯೋಗಂಟ ಮನೆ ಒಳಗಡೆ ಕಕ್ಕಸು ಕಟ್ಟಕ್ಕೆ ಬಿಡಲಿಲ್ಲ ಕಣಮ್ಮ. ನೀವು ನಾಯಿಗೇ ಕಟ್ಟುಸ್ಬುಟ್ರಲ್ಲ," ಅಂದರು. ವಾಸನೆ ಬಂದರೆ ಮಾತ್ರ ಸುಮ್ಮನಿರುವುದಿಲ್ಲ ಅಂತಲೂ ಹೇಳಿ ಇಳಿದು ಹೋದರು. ವಾಸನೆ ಬಂದಿದ್ದರೆ ನಾನು ಎಷ್ಟು ಸಂತೋಷಪಡುತ್ತಿದ್ದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ಒಂದು ಹಗಲು ಒಂದು ರಾತ್ರಿ ಕಳೆದಿತ್ತು, ಕೆಂಚ ಒಂದು ತೊಟ್ಟೂ ಬಿಟ್ಟಿರಲಿಲ್ಲ. ಹಾಲಿನಲ್ಲಿ ಮೆಟ್ಟಿಲಿನ ಬಾಗಿಲ ಕಡೆ ಮುಖ ಮಾಡಿ ಕೂತಿದ್ದ. ಯಾರಾದರೂ ಬಾಗಿಲು ತೆಗೆದರೆ ಬಾಲ ಅಲ್ಲಾಡಿಸುತ್ತಿದ್ದ, ಮುಚ್ಚಿದರೆ ನಿಲ್ಲಿಸುತ್ತಿದ್ದ.

ನನಗೂ ಒಂದು ಕಡೆ ಕೂರಲು ಆಗಲಿಲ್ಲ. ಇದು ಪೇಟೆ ನಾಯಿಯಲ್ಲ, ಇದಕ್ಕೆ ಪೇಟೆ ಸಾಮಾನು ಹಿಡಿಸುವುದಿಲ್ಲ, ಊರಿನ ವಾಸನೆ ಬರಬೇಕು ಅಂದುಕೊಂಡೆ. ಎರಡು ಬೀದಿ ಆಚೆ ಒಬ್ಬರು ಹಸು ಕಟ್ಟಿದ್ದಾರೆ. ಯಾರನ್ನೂ ಮಾತಾಡಿಸದೆ ದಿನ ತಳ್ಳುವ ನಾನು ಅವರ ಮನೆಗೆ ಹೋಗಿ ಸಗಣಿ ಕೇಳಿ ತಂದೆ. ಬಾಲ್ಕನಿಯ ನೆಲ, ಟ್ರೇಯ ಒಳಗೆ, ಎಲ್ಲ ಕಡೆ ಚೆನ್ನಾಗಿ ಸಾರಿಸಿದೆ. ಒಣಗಿದ ಮೇಲೆ ನಮ್ಮ ಮನೆಯಂಗಳವೇ ಮೂರನೇ ಮಹಡಿಗೆ ಬಂದ ಹಾಗಿತ್ತು. ನನ್ನ ಮನಸ್ಸು ತಂಪಾಯಿತು. ಟವೆಲ್ ಕೊಟ್ಟು ಕೆಂಚನನ್ನು ಎತ್ತಿ ಅಲ್ಲಿ ನಿಲ್ಲಿಸಿದೆ. ಮೂಗು ನೆಲಕ್ಕೆ ತಾಗಿದ್ದೇ ತಡ, ಕಿವಿ ಮಡಚಿ, ನೋವಿನ ಹಿಂಗಾಲನ್ನೂ ಎಳೆದುಕೊಂಡು ಒಳಗೆ ಬಂದುಬಿಟ್ಟ. ಮತ್ತೆ ಬಾಗಿಲ ಬಳಿ ಕೂತ. ಆಮೇಲೆ ಬಾಲ್ಕನಿಯ ಕಡೆ ತಲೆಯನ್ನೂ ತಿರುಗಿಸಲಿಲ್ಲ.

ಆ ಮಧ್ಯಾಹ್ನ ಡಾಕ್ಟರು ಬಂದು ಹೊಟ್ಟೆ ಮುಟ್ಟಿ ನೋಡಿ, ಕೈಯಿಂದ ಒತ್ತಿ ಉಚ್ಚೆ ಇಳಿಸಿದರು. ಹೊಟ್ಟೆಯ ನರಕ್ಕೆ ಪೆಟ್ಟಾಗಿಲ್ಲ, ಇದು ಬೇಕೆಂದೇ ತಡೆದುಕೊಳ್ಳುತ್ತಿದೆ ಅಂದರು. ಹೀಗೇ ತಡೆದರೆ ಮೂತ್ರದಲ್ಲಿ ನಂಜಾಗುತ್ತದೆ, ಕಿಡ್ನಿ ಕೆಡುತ್ತದೆ, ಮೂಳೆ ಕೂಡಿದರೂ ನಾಯಿ ಉಳಿಯುವುದಿಲ್ಲ ಅಂದರು. ದಿನಾ ಬಂದು ಒತ್ತಲು ಅವರಿಗೆ ಆಗುವುದಿಲ್ಲ. ಎರಡು ದಿನ ನೋಡೋಣ ಅಂದು ಹೋದರು.

ಪವಿಗೆ ಕೊಟ್ಟ ಮಾತು ನೆನಪಾಗಿ ಮೆಟ್ಟಿಲ ಮೇಲೆ ಕೂತು ಅತ್ತೆ. ಒಳಗೆ ಅತ್ತರೆ ಮಗು ಎದ್ದೀತು ಅಂತ ಅಲ್ಲಿ ಕೂತಿದ್ದೆ. ಬಟ್ಟೆ ಒಣಗಿಸಲು ಹತ್ತಿಬಂದ ಗಂಗಮ್ಮ ಏನಾಯಿತು ಅಂದರು. ಎಲ್ಲ ಹೇಳಿದೆ, ಸಗಣಿ ಸಾರಿಸಿದ್ದನ್ನೂ ಹೇಳಿದೆ. ಅವರು ಬಕೆಟ್ ಕೆಳಗಿಟ್ಟರು.

"ಅಲ್ಲ ಕಣಮ್ಮ, ನಿಮ್ಮೂರಲ್ಲಿ ಸಾರ್ಸಿದ್ ಅಂಗಳುಕ್ಕೆ ನಾಯಿ ಬಿಡ್ತಿದ್ರಾ?"

ಆಗ ನನಗೆ ನೆನಪಾಯಿತು. ಕೆಂಚ ಮರಿಯಾಗಿದ್ದಾಗ, ನಾನು ಸಾರಿಸಿ ರಂಗೋಲಿ ಇಟ್ಟು ಎದ್ದ ಕೂಡಲೇ ಬಂದು ಅದರ ಮೇಲೆ ಕಾಲೆತ್ತಿದ್ದ. ಪೊರಕೆ ಹಿಡಿಯಲ್ಲಿ ಒಂದು ಕೊಟ್ಟೆ. ಎರಡು ದಿನ ಅದೇ ಆಯಿತು, ಎರಡು ದಿನವೂ ಕೊಟ್ಟೆ. ಮೂರನೆಯ ದಿನದಿಂದ ಅವನು ಸಾರಿಸಿದ ನೆಲ ಕಂಡರೆ ಸುತ್ತು ಹಾಕಿಕೊಂಡು ಹೋಗಿ ತಿಪ್ಪೆಯ ಆಚೆ ಬೇಲಿ ಮರೆಯಲ್ಲಿ ಕೂರುತ್ತಿದ್ದ. ಕೂಡದು ಅಂತ ಹೊಡೆದು ಕಲಿಸಿದವಳೂ ನಾನೇ, ಅದನ್ನೇ ಹಾಸಿ ಮಾಡು ಅಂದವಳೂ ನಾನೇ. ಪಾಪದ ಪ್ರಾಣಿ, ನೋವು ತಿಂದುಕೊಂಡು ನನ್ನ ಮಾತನ್ನು ಉಳಿಸುತ್ತಿತ್ತು.

ಬಾಲ್ಕನಿಯನ್ನೂ ಟ್ರೇಯನ್ನೂ ಮೂರು ಸಲ ತೊಳೆದೆ. ನಿಮ್ಮಪ್ಪನಿಗೆ ಫೋನ್ ಮಾಡಿ, ತಿಪ್ಪೆಯ ಆಚೆ ಕೆಂಚ ಕೂರುವ ಜಾಗದ ಮಣ್ಣು ಒಂದು ಚೀಲ, ರಾಗಿ ಹುಲ್ಲು ಒಂದು ಹೊರೆ ತಾ ಅಂದೆ. ಆ ಸಂಜೆಯ ಬಸ್ಸಿಗೇ ಬಂದ. ಕಂಡಕ್ಟರು ಚೀಲದಲ್ಲಿ ಏನು ಅಂದರಂತೆ. ಇವನು "ತಿಪ್ಪೆ ಮಣ್ಣು ಸಾ, ಹಾಸನಕ್ಕೆ," ಅಂದನಂತೆ. "ಹಾಸನದಲ್ಲಿ ತಿಪ್ಪೆಗೇನು ಬರ ಬಂದಿಲ್ಲ ಕಣಯ್ಯ," ಅಂದರಂತೆ ಅವರು. ಇಡೀ ಬಸ್ಸು ನಕ್ಕಿತಂತೆ.

ಟ್ರೇ ತುಂಬ ಮಣ್ಣು ಹರಡಿ, ಮೇಲೆ ಹುಲ್ಲು ಉದುರಿಸಿದೆ. ಕಂಬಿಗೆ ನನ್ನ ಹಳೆಯ ಸೀರೆ ಕಟ್ಟಿ ಬೇಲಿಯ ಹಾಗೆ ಮರೆ ಮಾಡಿದೆ. ನಿಮ್ಮ ತಾತನ ಟವೆಲನ್ನು ಹೊಟ್ಟೆಗೆ ಕೊಟ್ಟು ಕೆಂಚನನ್ನು ಎತ್ತಿ ನಿಲ್ಲಿಸಿದೆ. ಮೂಸಿದ. ಮತ್ತೆ ಮತ್ತೆ ಮೂಸಿದ. ತಲೆಯೆತ್ತಿ ನನ್ನನ್ನು ನೋಡಿದ. ಏಟು ಬೀಳುತ್ತದೇನೋ ಅಂತ ನೋಡುವ ನೋಟ ಅದು.

"ಬೈಯಾಕಿಲ್ಲ ಕಣಪ್ಪ, ಮಾಡು," ಅಂದೆ. ಮುಖ ಗೋಡೆಯ ಕಡೆಗೆ ತಿರುಗಿಸಿ ನಿಂತೆ.

ಮಣ್ಣಿನ ಮೇಲೆ ಸದ್ದಾಯಿತು. ಬಹಳ ಹೊತ್ತು ಆಯಿತು. ಹಾಲಿನಲ್ಲಿ ನಿಮ್ಮ ಮಾವ ಟಿವಿ ನಿಲ್ಲಿಸಿ ಕೇಳುತ್ತಿದ್ದರು. ಸವಿತ ಬಾಗಿಲಿಗೆ ಬಂದು ನಿಂತಿದ್ದಳು, ಈ ಸಲ ನಗುತ್ತಿದ್ದಳು. ನಗುತ್ತಲೇ ನನ್ನನ್ನು ಒಂದು ಥರ ನೋಡಿದಳು. ದಿನಾ ಬೆಳಗ್ಗೆ ನಾನು ಕೆಳಹೊಟ್ಟೆ ಒತ್ತಿಕೊಂಡು ನಡೆಯುವುದನ್ನು, ಊಟದಲ್ಲಿ ನೀರು ಕುಡಿಯದೆ ಇರುವುದನ್ನು ಅವಳು ಗಮನಿಸಿದ್ದಳಂತೆ.

"ಅವ್ವಾ, ನೀನೂ ತಡ್ಕೊಂತಾ ಇದ್ದೀಯ ಅಲ್ವಾ?" ಅಂದಳು, ಮೆಲ್ಲಗೆ.

ನಾನು ಕೆಂಚನನ್ನು ಟವೆಲಿನಲ್ಲಿ ಎತ್ತಿ ಹಿಡಿದುಕೊಂಡು ಒಳಗೆ ನಡೆಸಿದೆ.

ಇದು ನನಗೆ ಎರಡನೆಯ ಸಲ, ಮಕ್ಕಳೇ. ಹೊಳೆನರಸೀಪುರದ ಕಡೆಯ ನನ್ನ ತವರಿನಿಂದ ಮದುವೆಯಾಗಿ ನಿಮ್ಮೂರಿಗೆ ಬಂದಾಗಲೂ ಹೀಗೇ ಆಗಿತ್ತು. ಹೊಸ ಮನೆಯಲ್ಲಿ ಊಟ ಬಡಿಸುವವರು ಹತ್ತು ಜನ, ಬಯಲಿಗೆ ಯಾವ ಕಡೆ ಹೋಗಬೇಕು ಅಂತ ಹೇಳುವವರು ಒಬ್ಬರೂ ಇಲ್ಲ. ಕೇಳಲು ನಾಲಿಗೆ ಏಳಲಿಲ್ಲ. ಕಡೆಗೆ ನನ್ನ ಅತ್ತೆ ಬೆಳಕು ಹರಿಯುವ ಮೊದಲು ಚೊಂಬು ಕೈಗೆ ಕೊಟ್ಟು, ಒಂದೂ ಮಾತಾಡದೆ ಮುಂದೆ ಮುಂದೆ ನಡೆದರು. ಆ ಬೆಳಗಿನಿಂದ ಅದು ನನ್ನ ಊರಾಯಿತು.

ಇಲ್ಲಿ ಮುಂದೆ ನಡೆದವರು ನಿಮ್ಮ ಮಾವ. ಸವಿತ ಏನು ಹೇಳಿದಳೋ ಗೊತ್ತಿಲ್ಲ. ಮಾರನೆಯ ಬೆಳಗಿನಿಂದ ಆರು ಗಂಟೆಗೆ "ಹಾಲು ತರ್ತೀನಿ ಅತ್ತೆ," ಅಂತ ಹೇಳಿ ಇಳಿದು ಹೋಗುತ್ತಿದ್ದರು. ಡೇರಿಯಲ್ಲೇ ಕೆಲಸ ಮಾಡುವವರು, ಹಿಂದಿನ ಸಂಜೆಯೇ ಮನೆಗೆ ಹಾಲು ಬಂದಿರುತ್ತಿತ್ತು. ಆದರೂ ಮುಕ್ಕಾಲು ಗಂಟೆ ಬಿಟ್ಟು ಬರಿಗೈಯಲ್ಲಿ ಹತ್ತಿಬರುತ್ತಿದ್ದರು. ಹಾಲೆಲ್ಲಿ ಅಂತ ಯಾರೂ ಕೇಳುತ್ತಿರಲಿಲ್ಲ.

ಆಮೇಲಿನ ದಿನಗಳು ಮಣ್ಣಿನ ಲೆಕ್ಕದಲ್ಲಿ ಸಾಗಿದವು. ಒದ್ದೆಯಾದ ಮಣ್ಣನ್ನು ಬೆಳಗ್ಗೆ ಸಂಜೆ ಬಗೆದು ತೆಗೆಯುತ್ತಿದ್ದೆ, ಸೌದೆ ಬೂದಿ ಉದುರಿಸುತ್ತಿದ್ದೆ, ಹುಲ್ಲು ಬದಲಾಯಿಸುತ್ತಿದ್ದೆ. ವಾಸನೆ ಕೆಳಗಿಳಿಯಲಿಲ್ಲ. ಬೂದಿಯನ್ನು ತಮ್ಮ ನೀರೊಲೆಯಿಂದ ಕೊಡುತ್ತಿದ್ದವರು ಗಂಗಮ್ಮನೇ. ತೆಗೆದ ಮಣ್ಣನ್ನು ಚೀಲಕ್ಕೆ ತುಂಬಿಸಿ, ನಿಮ್ಮಪ್ಪ ಬಂದಾಗ ವಾಪಸ್ ಕಳಿಸುತ್ತಿದ್ದೆ. ಹೊಸ ಮಣ್ಣು ಬರುತ್ತಿತ್ತು.

ಆರು ವಾರ ಎಂಟಾಯಿತು. ಕೆಂಚ ಕುಂಟುತ್ತ ಮೆಟ್ಟಿಲು ಇಳಿದ. ಗೌರಿ ಹಬ್ಬಕ್ಕೆ ಗೂಡ್ಸ್ ಆಟೋದಲ್ಲಿ ಇಬ್ಬರೂ ಊರಿಗೆ ಬಂದದ್ದು ನಿಮಗೆ ನೆನಪಿದೆಯಲ್ಲ. ನೀವಿಬ್ಬರೂ ಅವನನ್ನು ತಬ್ಬಿಕೊಂಡು ಕುಣಿದಿರಿ. ಅವನು ತಿಪ್ಪೆಯವರೆಗೆ ಹೋದ, ಮೂಸಿದ, ತಿರುಗಿ ಬಂದು ನನ್ನ ಮುಂದೆ ನಿಂತ. ಅವನಿಗೆ ಈಗ ಹಾಸಿಕೊಟ್ಟ ಜಾಗವೇ ಬೇಕು ಅಂತ ನನಗೆ ಅರ್ಥವಾಯಿತು. ಗೋಣಿಚೀಲ ತಂದು ತಿಪ್ಪೆಯ ಪಕ್ಕ ಹಾಸಿ, ಮೇಲೆ ಎರಡು ಹಿಡಿ ಹುಲ್ಲು ಹಾಕಿದೆ. ಅದರ ಮೇಲೆ ಹತ್ತಿ ನಿಂತು ಮಾಡಿದ. ಚಿನ್ನು, ನೀನು ಬಿದ್ದು ಬಿದ್ದು ನಕ್ಕೆ. "ಅಜ್ಜಿ, ಅದು ಅಲ್ಲಿಂದ ತಗೊಂಡೋದ ಮಣ್ಣೇ ಅಲ್ವಾ?" ಅಂದೆ. ನಾನೂ ನಕ್ಕೆ. ಆದರೆ ನಿಮಗೆ ಹೇಳದ ಮಾತು ಒಂದಿದೆ. ಮಾರನೆಯ ಮುಂಜಾನೆ ಹಿತ್ತಿಲ ಕಡೆ ಹೊರಟವಳಿಗೆ ಆ ಕತ್ತಲು, ಆ ದೂರ, ಎಂದೂ ಇಲ್ಲದ ಅಂಜಿಕೆ ತಂದವು. ನಲವತ್ತು ವರ್ಷ ಓಡಾಡಿದ ದಾರಿಯಲ್ಲಿ ನಿಂತು ನನ್ನ ಕೈ ಕೊಟ್ಟಿಗೆಯ ಗೋಡೆಯ ಮೇಲೆ ಸ್ವಿಚ್ ಹುಡುಕುತ್ತಿತ್ತು.

ಕೊಟ್ಟ ಮಾತಿನಂತೆ ಕೆಂಚನನ್ನು ನಿಮ್ಮ ಹತ್ತಿರ ಬಿಟ್ಟು ಬಂದೆ. ಈಗ ಅವನಿಗೆ ಚೀಲ ಬೇಕಿಲ್ಲ ಅಂತ ಮೊನ್ನೆ ಫೋನಿನಲ್ಲಿ ಪವಿ ಹೇಳಿದಳು. ಒಳ್ಳೆಯದಾಯಿತು. ಇಲ್ಲಿ ನಿಮ್ಮ ಮಾವನೂ ಬೆಳಗ್ಗೆ ಹಾಲು ತರಲು ಹೋಗುವುದನ್ನು ನಿಲ್ಲಿಸಿದ್ದಾರೆ. ಅವರು ಪೇಪರ್ ಓದುತ್ತಿರುತ್ತಾರೆ, ನಾನು ಅವರ ಮುಂದೆಯೇ ಹೋಗಿ ಚಿಲಕ ಹಾಕಿಕೊಳ್ಳುತ್ತೇನೆ. ಟ್ರೇಯನ್ನು ತೊಳೆದು ಬಾಲ್ಕನಿಯ ಗೋಡೆಗೆ ಒರಗಿಸಿದ್ದೇನೆ. ಸವಿತ ಯಾರಿಗಾದರೂ ಕೊಡೋಣ ಅನ್ನುತ್ತಾಳೆ. ನಾಳೆ ಕೊಡೋಣ ಅನ್ನುತ್ತೇನೆ.

ಇಲ್ಲಿದ್ದಷ್ಟು ದಿನ ಕೆಂಚ ಮೆಟ್ಟಿಲಿನ ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದ. ಈಗ ಅಲ್ಲಿ ಸಂಜೆಯಾದರೆ ಹಾಸನದ ರಸ್ತೆಯ ಕಡೆ ಮುಖ ಮಾಡಿ ಕೂರುತ್ತಾನಂತೆ. ಅವನನ್ನು ಗದರಿಸಿ ಒಳಗೆ ಕರೆಯಬೇಡಿ. ಅಷ್ಟು ಹೊತ್ತು ಹಾಗೇ ಕೂರಲಿ.